ಆರು ವರ್ಷದ ಮಗಳಿಗೆ ‘ಮೊದಲನೇ ಅಮ್ಮ’ ಯಾರು ಅಂತ ಹೇಗೆ ಹೇಳೋದು?

ಪುಟ್ಟಿಯಮ್ಮ:
ಮಲಗಿಸುವಾಗ ಮಗಳು ಕೇಳಿದಳು, “ನಿನ್ನ ಅಮ್ಮ ಅಜ್ಜಿ, ಅಜ್ಜಿಯ ಅಮ್ಮ ಮುತ್ತಜ್ಜಿ, ಹೀಗೇ ಹಿಂದೆ ಹೋದರೆ ಮೊದಲನೇ ಅಮ್ಮ ಯಾರು?” ನಿದ್ದೆಗಣ್ಣಲ್ಲಿ “ಮಂಗ” ಅಂದುಬಿಟ್ಟೆ. ಈಗ ತಾರಸಿಗೆ ಮಂಗ ಬಂದರೆ ಸಾಕು, “ಅಜ್ಜಿ ಬಂದ್ರು!” ಅಂತ ಕೂಗುತ್ತಾಳೆ. ನಮ್ಮ ಅತ್ತೆ ಎರಡು ದಿನದಿಂದ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಹೇಗೆ ಸರಿಪಡಿಸಲಿ?

ಹಳೇಬೇರು:
ಮಂಗ ಅಜ್ಜಿ ಅಲ್ಲ, ದಾಯಾದಿ. ತಾರಸಿಗೆ ಬರುವುದು ತೀರಾ ದೂರದ ದಾಯಾದಿ, ಚಿಂಪಾಂಜಿ ಹತ್ತಿರದ್ದು. ಸುಮಾರು 60-70 ಲಕ್ಷ ವರ್ಷದ ಹಿಂದೆ ಚಿಂಪಾಂಜಿಯವರೂ ನಾವೂ ಒಂದೇ ಮನೆ, ಆಮೇಲೆ ಪಾಲಾಯಿತು ಅನ್ನಿ, ಮಕ್ಕಳಿಗೆ ತಕ್ಷಣ ಗೊತ್ತಾಗುತ್ತೆ. ‘ಮೊದಲನೇ ಅಮ್ಮ’ ಅಂತ ಒಬ್ಬಳನ್ನು ತೋರಿಸೋಕೆ ಆಗಲ್ಲ. ಹಳಗನ್ನಡ ಮಾತಾಡುವ ತಾಯಿಗೆ ಹೊಸಗನ್ನಡ ಮಾತಾಡುವ ಮಗು ಹುಟ್ಟಿದ್ದು ಯಾವತ್ತು? ಯಾವತ್ತೂ ಇಲ್ಲ ಅಲ್ವಾ. ಇದೂ ಹಾಗೇ.

ಮಣ್ಣುಕೈ:
ಕಣ್ಣಿಗೆ ಕಾಣುವುದರಿಂದ ಶುರು ಮಾಡಿ. ಲೂಸಿ ಅಂತ ಒಬ್ಬಳಿದ್ದಳು, ಎರಡು ಕಾಲಲ್ಲಿ ನಡೆಯುತ್ತಿದ್ದ ನಮ್ಮ ಹಳೇ ಬಳಗದವಳು. 1974ರಲ್ಲಿ ಇಥಿಯೋಪಿಯಾದ ಹಡಾರ್ ಅನ್ನೋ ಜಾಗದಲ್ಲಿ ಸಿಕ್ಕ ಅವಳ ಮೂಳೆಗಳಿಗೆ 32 ಲಕ್ಷ ವರ್ಷ. ಅಲ್ಲಿಯವರು ಅವಳನ್ನು ದಿಂಕಿನೇಶ್ ಅನ್ನುತ್ತಾರೆ. ಬೆಳೆದ ಹೆಂಗಸು, ಆದರೆ ಎತ್ತರ ಬರೀ ಮೂರೂವರೆ ಅಡಿ! ಗೋಡೆ ಮೇಲೆ ಗೆರೆ ಹಾಕಿ ಮಗಳನ್ನು ಪಕ್ಕ ನಿಲ್ಲಿಸಿ.
ಇನ್ನೊಂದು, ತಾಂಜಾನಿಯಾದ ಲೇಟೋಲಿಯ ಹೆಜ್ಜೆಗಳು. ಜ್ವಾಲಾಮುಖಿಯ ಬೂದಿ ಬಿದ್ದಿತ್ತು, ಮಳೆಗೆ ನೆನೆದಿತ್ತು, ಅದರ ಮೇಲೆ ಯಾರೋ ಎರಡೇ ಕಾಲಲ್ಲಿ ನಡೆದು ಹೋದರು, ಬೂದಿ ಗಟ್ಟಿಯಾಗಿ 36 ಲಕ್ಷ ವರ್ಷಕ್ಕೂ ಜಾಸ್ತಿ ಉಳಿಯಿತು. ಅಷ್ಟಮಿಗೆ ಕೃಷ್ಣನ ಹೆಜ್ಜೆ ಮೂಡಿಸುವಾಗ ಅಕ್ಕಿಹಿಟ್ಟಿನ ತಟ್ಟೆಯಲ್ಲಿ ಮಗಳ ಕಾಲನ್ನೂ ಅದ್ದಿಸಿ, ಲೇಟೋಲಿಯವರ ಹಾಗೇ ನಿನ್ನ ಹೆಬ್ಬೆರಳೂ ಬೇರೆ ಬೆರಳಿನ ಸಾಲಲ್ಲೇ ಇದೆ ನೋಡು ಅನ್ನಿ. ಚಿಂಪಾಂಜಿಗೆ ಅದು ನಮ್ಮ ಕೈ ಹೆಬ್ಬೆರಳಿನ ಹಾಗೆ ಪಕ್ಕಕ್ಕೆ ಚಾಚಿರುತ್ತೆ, ಕೊಂಬೆ ಹಿಡಿಯೋಕೆ.

ದಾರದುಂಡೆ:
ಲಕ್ಷ ವರ್ಷ ಅಂದರೆ ಮಕ್ಕಳಿಗೆ ಸುಮ್ನೆ ಶಬ್ದ ಅಷ್ಟೇ. ನಾವು ದಾರ ಬಿಟ್ಟೆವು, ಲಕ್ಷ ವರ್ಷಕ್ಕೆ ಒಂದು ಮೀಟರ್. ಲೂಸಿ 32 ಮೀಟರ್ ದೂರ, ಬೀದಿ ಕೊನೆಗೆ ಹೋದಳು. ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ ಕಲ್ಲು ಒಡೆದು ಆಯುಧ ಮಾಡಿದವರು ಸುಮಾರು 12ನೇ ಮೀಟರಲ್ಲಿ. ನಮ್ಮಂಥ ಮನುಷ್ಯರು ಮೂರರಲ್ಲಿ. ಬರವಣಿಗೆ ಐದೇ ಸೆಂಟಿಮೀಟರ್! ಕಲ್ಲು ಒಡೆಯೋ ಆಟ ಮಾತ್ರ ಬೇಡ, ಚೂರು ಕಣ್ಣಿಗೆ ಹಾರುತ್ತೆ.

ಪುಟ್ಟಿಯಮ್ಮ:
ಗೆರೆ ಹಾಕಿದೆ. ಲೂಸಿಗಿಂತ ಎರಡು ಬೆರಳು ಉದ್ದ ಇದ್ದೀನಿ ಅಂತ ಮಗಳಿಗೆ ಒಂದೇ ಜಂಬ. ಅತ್ತೆ ಬಂದು ಗೋಡೆ ನೋಡಿ, “ಇಷ್ಟು ಕುಳ್ಳಗಿದ್ದವಳು ಮಗೂನ ಎತ್ತಿಕೊಂಡು ಹೇಗೆ ನಡೀತಿದ್ದಳೋ ಪಾಪ” ಅಂದರು.