ಏಲಕ್ಕಿ ಕಟ್ಟೆ, ಮೆಣಸಿನ ಸಣ್ಣೆಲೆ ರೋಗ: ಎರಡೂ ವೈರಸ್ ಅಂದಮೇಲೆ ಉಪಾಯ ಬೇರೆ ಬೇರೆ ಯಾಕೆ?

ಸೋಮವಾರಪೇಟೆ_ತೋಟ:
ಶಾಂತಳ್ಳಿ ಕಡೆಯ ಒಂದು ತೋಟ. ಏಲಕ್ಕಿಯಲ್ಲಿ ಕಟ್ಟೆ ರೋಗ ಇದೆ. ಅಲ್ಲೇ ಸಿಲ್ವರ್ ಮರಕ್ಕೆ ಹಬ್ಬಿಸಿದ ಪಣಿಯೂರು-1 ಮೆಣಸಿನ ಎಲೆ ಸಣ್ಣದಾಗಿ, ಹಳದಿ ಮಚ್ಚೆ ಬಿದ್ದು, ಗೆಣ್ಣುಗಳ ನಡುವಿನ ಅಂತರ ಕುಗ್ಗಿದೆ. ಎರಡೂ ವೈರಸ್ ಎನ್ನುತ್ತಾರೆ. ಆದರೆ ಏಲಕ್ಕಿಗೆ "ಕಂದು (ಬುಡದಿಂದ ಬರುವ ಮರಿಗಿಡ) ತರಬೇಡಿ, ಬೀಜದ ಸಸಿ ನೆಡಿ" ಎಂಬ ಸಲಹೆ, ಮೆಣಸಿಗೆ "ತಾಯಿ ಬಳ್ಳಿ ಪರೀಕ್ಷೆ ಮಾಡಿಸಿ" ಎಂಬ ಸಲಹೆ. ಮಳೆಗೆ ಮುಂಚೆ 1% ಬೋರ್ಡೋ ಹೊಡೆದದ್ದರಿಂದ ಎರಡಕ್ಕೂ ಏನೂ ಆಗಲಿಲ್ಲ. ವೈರಸ್ ಒಳಗೆ ಏನಿದೆ, ಹೇಗೆ ಹೆಚ್ಚುತ್ತದೆ, ಔಷಧಿ ಯಾಕೆ ತಾಗುವುದಿಲ್ಲ ಅಂತ ತಿಳಿದವರು ಬಿಡಿಸಿ ಹೇಳಿ.

ಸಸ್ಯರೋಗ_ಮಡಿಕೇರಿ:
ಬೋರ್ಡೋದಿಂದ ಶುರು ಮಾಡೋಣ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಹಾಕಿದ ಆ ದ್ರಾವಣದ ತಾಮ್ರ ಎಲೆಯ ಮೇಲೆ ಕೂತು, ಅಲ್ಲಿಗೆ ಬಂದ ಫೈಟಾಫ್ತೊರದಂಥ ರೋಗಾಣುಗಳ ಬೀಜಕಗಳನ್ನು ಕೊಲ್ಲುತ್ತದೆ. ಮೆಣಸಿನ ಶೀಘ್ರ ಸೊರಗು ರೋಗಕ್ಕೆ ಅದು ಬೇಕೇ ಬೇಕು. ವೈರಸ್ ಎಲೆಯ ಮೇಲೆ ಮೊಳೆಯುವ ಜೀವಿಯಲ್ಲ. ಅದಕ್ಕೆ ಉಸಿರಾಟವಿಲ್ಲ, ಆಹಾರ ಬೇಕಿಲ್ಲ, ಪ್ರೋಟೀನ್ ತಯಾರಿಸುವ ಸ್ವಂತ ಯಂತ್ರ, ಅಂದರೆ ರೈಬೋಸೋಮೂ ಇಲ್ಲ. ಒಂದು ಆರ್‌ಎನ್‌ಎ ಅಥವಾ ಡಿಎನ್‌ಎ ಎಳೆ, ಅದರ ಸುತ್ತ ಪ್ರೋಟೀನಿನ ಹೊದಿಕೆ, ಕೆಲವಕ್ಕೆ ಅದರ ಮೇಲೊಂದು ಕೊಬ್ಬಿನ ಪೊರೆ, ಇಷ್ಟೇ. ಗಿಡದ ಜೀವಕೋಶದೊಳಗೆ, ಗಿಡದ್ದೇ ಯಂತ್ರಾಂಗ ಬಳಸಿ ಅದು ಹೆಚ್ಚುತ್ತದೆ. ಅದನ್ನು ಮಾತ್ರ ಕೊಂದು ಕೋಶವನ್ನು ಉಳಿಸುವ ಸಿಂಪರಣೆ ತೋಟಕ್ಕೆ ಸಿಗುವಂಥದ್ದು ಇಲ್ಲ.

ಕಟ್ಟೆಯ ವೈರಸ್ ಬಳುಕುವ ಉದ್ದ ಎಳೆ, ಸುಮಾರು 650-700 ನ್ಯಾನೋಮೀಟರ್. ಪೋಟಿವಿರಿಡೆ ಕುಟುಂಬದ ಮ್ಯಾಕ್ಲೂರವೈರಸ್ ಗುಂಪಿನದು. ಒಳಗಿರುವುದು 8,000ಕ್ಕಿಂತ ಸ್ವಲ್ಪ ಹೆಚ್ಚು ಅಕ್ಷರಗಳ ಒಂಟಿ ಎಳೆ ಆರ್‌ಎನ್‌ಎ, ಅದೂ "ಧನ" ಮಾದರಿಯದು. ಅಂದರೆ ಹೊದಿಕೆ ಕಳಚಿದ ಕೂಡಲೇ ಗಿಡದ ರೈಬೋಸೋಮ್ ಅದನ್ನು ತನ್ನದೇ ಆದೇಶ ಎಂಬಂತೆ ಓದುತ್ತದೆ. ಮೊದಲು ಒಂದೇ ಉದ್ದ ಪ್ರೋಟೀನ್ ಬರುತ್ತದೆ, ಅದು ತನ್ನನ್ನು ತಾನೇ ತುಂಡರಿಸಿಕೊಂಡು ಬೇಕಾದ ಭಾಗಗಳಾಗುತ್ತದೆ. ಅವುಗಳಲ್ಲೊಂದು ನಕಲು ತೆಗೆಯುವ ಕಿಣ್ವ. ಅದು ಮೊದಲು ವಿರುದ್ಧ ಎಳೆ, ಅದರಿಂದ ಮತ್ತೆ ಧನ ಎಳೆಗಳನ್ನು ರಾಶಿ ಮಾಡುತ್ತದೆ. ಆ ಎಳೆಗಳಿಗೆ ಹೊದಿಕೆ ಸುತ್ತಿಕೊಳ್ಳುತ್ತದೆ. ಕೋಶದಿಂದ ಕೋಶಕ್ಕೆ ಸಣ್ಣ ರಂಧ್ರಗಳ ಮೂಲಕ ಸಾಗಿ, ನಾಳಕ್ಕೆ ಬಿದ್ದಮೇಲೆ ಗೆಡ್ಡೆಯಿಂದ ಹಿಡಿದು ಎಲ್ಲ ಕಂದುಗಳಿಗೂ ತಲುಪುತ್ತದೆ. ಒಂದು ಕಂದು ಕಡಿದರೆ ಬುಡ ಗುಣವಾಗದು ಎನ್ನುವುದು ಇದಕ್ಕೇ. ಆದರೆ ಈ ವೈರಸ್ ಬೀಜದಲ್ಲಿ ದಾಟುವುದಿಲ್ಲ. ಹಾಗಾಗಿ ಬೀಜದ ಸಸಿ ಶುದ್ಧ, ಆದರೆ ನರ್ಸರಿ ರೋಗದ ತೋಟದ ಮಗ್ಗುಲಲ್ಲಿ ಇರಬಾರದು.

ಒಂದು ಎಚ್ಚರಿಕೆ. ಸುಳಿಯ ಎಲೆಯನ್ನು ಬೆಳಕಿಗೆ ಹಿಡಿದಾಗ ನಡುನರದಿಂದ ಅಂಚಿನ ಕಡೆಗೆ, ಪಕ್ಕದ ನರಗಳ ಉದ್ದಕ್ಕೂ ತಿಳಿಹಸಿರು ಕದಿರಿನಾಕಾರದ ಗೆರೆಗಳಿದ್ದರೆ ಕಟ್ಟೆ. ನರ ತಿಳಿಯಾಗಿ, ಹೊಸ ಎಲೆ ಹಳೆ ಎಲೆಯಲ್ಲಿ ಸಿಕ್ಕಿಕೊಂಡು ಕೊಕ್ಕೆಯಂತೆ ಬಾಗಿದ್ದರೆ ಅದು ಕೊಕ್ಕೆ ಕಂದು ರೋಗ. ಅದರ ವೈರಸ್ಸೇ ಬೇರೆ: ಪೊರೆಯುಳ್ಳ ರಾಬ್ಡೊವೈರಸ್, ಒಳಗೆ "ಋಣ" ಆರ್‌ಎನ್‌ಎ, ಹೆಚ್ಚುವುದು ಕೋಶಕೇಂದ್ರದಲ್ಲಿ. ರೈಬೋಸೋಮ್ ಋಣ ಎಳೆಯನ್ನು ಓದಲಾರದು, ಅದಕ್ಕೇ ನಕಲು ಕಿಣ್ವವನ್ನು ಆ ವೈರಸ್ ಹೊದಿಕೆಯೊಳಗೇ ಹೊತ್ತು ತರುತ್ತದೆ.

ಗಿಡಹೇನು_ನೋಡಿ:
ಕಟ್ಟೆಯನ್ನು ಹರಡುವುದು ಪೆಂಟಲೋನಿಯ ಎಂಬ ಕಂದು ಬಣ್ಣದ ಸಸ್ಯಹೇನು. ಕೀಟನಾಶಕ ವಾರಕ್ಕೊಮ್ಮೆ ಹೊಡೆದರೆ ತಡೆಯಬಹುದು ಎನ್ನುವವರಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ಈ ವೈರಸ್ ಹೇನಿನ ದೇಹದೊಳಗೆ ಹೋಗುವುದೇ ಇಲ್ಲ, ಚುಚ್ಚುವ ಸೂಜಿಬಾಯಿಗೆ ಅಂಟಿರುತ್ತದೆ. ಕೆಲವೇ ನಿಮಿಷ ಚುಚ್ಚಿದರೆ ಹತ್ತುತ್ತದೆ, ಇನ್ನೊಂದು ಗಿಡಕ್ಕೆ ಚುಚ್ಚಿದ ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಔಷಧಿಗೆ ಹೇನು ಸಾಯುವ ಮೊದಲೇ ಕೆಲಸ ಮುಗಿದಿರುತ್ತದೆ. ಬಾಳೆಯ ಗೊಂಚಲು ತುದಿ ರೋಗದಲ್ಲಿ ಮಾತ್ರ ಕಥೆ ಬೇರೆ. ಆ ವೈರಸ್ ಹೇನಿನ ದೇಹದೊಳಗೆ ಸುತ್ತಿ ಜೊಲ್ಲಿಗೆ ಬರಬೇಕು, ಅದಕ್ಕೆ ಗಂಟೆಗಟ್ಟಲೆ ಹೊತ್ತು ಬೇಕು. ಅಲ್ಲಿ ಹೇನು ಕೊಂದರೆ ಉಪಯೋಗ ಕಾಣುತ್ತದೆ.

ಕಟ್ಟೆಗೆ ಕೆಲಸ ಮಾಡುವುದು ಮೂಲ ತೆಗೆಯುವುದು. ರೋಗದ ಬುಡವನ್ನು ಗೆಡ್ಡೆ ಚೂರೂ ಉಳಿಯದಂತೆ ಅಗೆದು, ಕೊಚ್ಚಿ, ಹೂಳಿ ಅಥವಾ ಸುಡಿ. ಉಳಿದ ಚೂರು ಚಿಗುರಿದರೆ ಆ ಚಿಗುರೂ ರೋಗದ್ದೇ. ಕಿತ್ತ ಬುಡವನ್ನು ಬದಿಗೆ ರಾಶಿ ಹಾಕಿಟ್ಟರೆ ಒಣಗುವಾಗ ಹೇನುಗಳೆಲ್ಲ ಹಾರಿ ಪಕ್ಕದ ಬುಡಕ್ಕೆ ಹೋಗುತ್ತವೆ. ಬಹಳ ಕಡೆ ಕೆಡುವುದು ಇಲ್ಲಿಯೇ. ಸೋಂಕು ತಗುಲಿ ಲಕ್ಷಣ ಕಾಣಲು ಮೂರು ವಾರದಿಂದ ಮೂರು-ನಾಲ್ಕು ತಿಂಗಳು ಹಿಡಿಯುವುದರಿಂದ ತಿಂಗಳಿಗೊಮ್ಮೆ ಸುತ್ತು ಹಾಕಲೇಬೇಕು. ಹೇನು ಕೂರುವ ಹಳೆಯ ಸಡಿಲ ಎಲೆಗವಚ ಬಿಡಿಸಿ, ತೋಡಿನ ಬದಿಯ ಕಾಡು ಕೆಸ ತೆಗೆಯಿರಿ. ಮರುನಾಟಿಗೆ ಅಪ್ಪಂಗಳ ಸಂಶೋಧನಾ ಕೇಂದ್ರದ ಐಐಎಸ್‌ಆರ್ ವಿಜೇತ, ಅಪ್ಪಂಗಳ-2 ತಳಿಗಳು ಕಟ್ಟೆಗೆ ನಿರೋಧಕ.

ಸೋಮವಾರಪೇಟೆ_ತೋಟ:
ತುಂಬಾ ಉಪಯೋಗವಾಯಿತು. ಕತ್ತಿಯಿಂದ ಹರಡುತ್ತದಾ? ಮೆಣಸಿನ ವಿಷಯವೂ ಹೇಳಿ.

ಬಳ್ಳಿ_ನರ್ಸರಿ_ಗೋಣಿಕೊಪ್ಪ:
ಕಟ್ಟೆ ಕತ್ತಿಯಿಂದ ಹರಡುವುದಿಲ್ಲ. ಮೆಣಸಿನಲ್ಲಿ ಎರಡು ವೈರಸ್‌ಗಳಿವೆ, ಅವುಗಳ ಸ್ವಭಾವ ಬೇರೆ ಬೇರೆ.

ಒಂದು, ಸೌತೆ ಮೊಸಾಯಿಕ್ ವೈರಸ್. ಸುಮಾರು 29 ನ್ಯಾನೋಮೀಟರಿನ ಗುಂಡು ಕಣ. ಇದರ ಆರ್‌ಎನ್‌ಎ ಮೂರು ತುಂಡಾಗಿ ಬೇರೆ ಬೇರೆ ಕಣಗಳಲ್ಲಿರುತ್ತದೆ, ಮೂರೂ ಒಂದೇ ಕೋಶ ಸೇರಿದರೆ ಮಾತ್ರ ಸೋಂಕು. ರಸದಿಂದ ದಾಟುತ್ತದೆ, ಆದ್ದರಿಂದ ಕತ್ತಿಯನ್ನು ಬಳ್ಳಿಯಿಂದ ಬಳ್ಳಿಗೆ ಸೋಪಿನ ನೀರಲ್ಲಿ ತೊಳೆಯಿರಿ. ಕಳೆಗಳೂ ಸೇರಿ ಸಾವಿರಕ್ಕೂ ಹೆಚ್ಚು ಬಗೆಯ ಗಿಡಗಳಲ್ಲಿ ಇದು ಬದುಕುತ್ತದೆ.

ಇನ್ನೊಂದು, ಪೈಪರ್ ಯೆಲ್ಲೋ ಮಾಟಲ್ ವೈರಸ್. ಸುಮಾರು 125×30 ನ್ಯಾನೋಮೀಟರಿನ ಕಡ್ಡಿ, ಒಳಗೆ ಉಂಗುರದಂತೆ ಜೋಡಿ ಎಳೆ ಡಿಎನ್‌ಎ. ಕೋಶಕೇಂದ್ರದಲ್ಲಿ ಗಿಡದ ಕಿಣ್ವ ಇದರಿಂದ ಆರ್‌ಎನ್‌ಎ ತೆಗೆಯುತ್ತದೆ, ಹೊರಗೆ ಬಂದ ಆ ಆರ್‌ಎನ್‌ಎಯಿಂದ ವೈರಸ್‌ನ ಸ್ವಂತ ಕಿಣ್ವ ಮತ್ತೆ ಡಿಎನ್‌ಎ ಬರೆಯುತ್ತದೆ. ಹರಡುವುದು ಹಿಟ್ಟು ತಿಗಣೆ. ಪ್ಲಾನೊಕಾಕಸ್ ಸಿಟ್ರಿ ಎಂಬ ಜಾತಿ ಕಾಫಿಯ ಮೇಲೂ ಕೂರುತ್ತದೆ, ಹಾಗಾಗಿ ಕೊಡಗಿನಂಥ ಮಿಶ್ರ ತೋಟದಲ್ಲಿ ಮೆಣಸಿಗೆ ಮಾತ್ರ ತಿಗಣೆ ನೋಡಿ ಸುಮ್ಮನಾಗಬೇಡಿ. ತಿಗಣೆಯನ್ನು ಕಾಯುವ ಇರುವೆಯನ್ನೂ ನೋಡಿಕೊಳ್ಳಿ.

ಆದರೂ ದೊಡ್ಡ ದಾರಿ ಕೀಟವಲ್ಲ, ತುಂಡು. ಒಂದು ತಾಯಿ ಬಳ್ಳಿಗೆ ವೈರಸ್ ಇದ್ದರೆ ಅದರ ಹಬ್ಬುಬಳ್ಳಿಯಿಂದ ಮಾಡಿದ ಎಲ್ಲ ತುಂಡಿಗೂ ಇದೆ ಎಂದೇ ಲೆಕ್ಕ. ಬೇಸಿಗೆಯ ಬಿಸಿಲಲ್ಲಿ ಮಚ್ಚೆ ಚೆನ್ನಾಗಿ ಕಾಣುತ್ತದೆ, ಮಳೆಗಾಲದಲ್ಲಿ ಮರೆಯಾಗುತ್ತದೆ. ತಾಯಿ ಬಳ್ಳಿಯನ್ನು ಮಳೆಗಾಲದಲ್ಲಿ ಹಸಿರು ನೋಡಿ ಆರಿಸಿದರೆ ಮೋಸವಾಗುವುದು ಇದರಿಂದಲೇ. ಏಪ್ರಿಲ್-ಮೇಯಲ್ಲಿ ಗುರುತು ಹಾಕಿ, ಮುಂದಿನ ಫೆಬ್ರವರಿ-ಮಾರ್ಚ್‌ನಲ್ಲಿ ಹಬ್ಬುಬಳ್ಳಿ ಕತ್ತರಿಸಿ, 2-3 ಗೆಣ್ಣಿನ ತುಂಡು ಮಾಡಿ. ನಡುವೆ ಎಳೆ ಎಲೆ ಪರೀಕ್ಷೆಗೆ ಕಳಿಸಿ. ಸೌತೆ ವೈರಸ್ಸಿಗೆ ಆರ್‌ಎನ್‌ಎಯನ್ನು ಮೊದಲು ಡಿಎನ್‌ಎ ಮಾಡಿಕೊಂಡು ನೋಡುವ ಆರ್‌ಟಿ-ಪಿಸಿಆರ್, ಹಳದಿ ಮಚ್ಚೆಯದಕ್ಕೆ ನೇರ ಪಿಸಿಆರ್. ಎರಡನ್ನೂ ಕೇಳಿ ಮಾಡಿಸಿ, ಒಂದರ ಫಲಿತಾಂಶ ಇನ್ನೊಂದಕ್ಕೆ ಸಾಕ್ಷಿಯಲ್ಲ.

ಕಿತ್ತಳೆ_ಸಿದ್ದಾಪುರ:
ಒಂದು ಮಾತು ಸೇರಿಸುತ್ತೇನೆ. ಕೊಡಗಿನ ಕಿತ್ತಳೆಯಲ್ಲಿ ಎಲೆ ಹಳದಿಯಾದರೆ ಎಲ್ಲ ವೈರಸ್ ಅಲ್ಲ. ಟ್ರಿಸ್ಟೆಜಾ ವೈರಸ್, ಸುಮಾರು 2,000 ನ್ಯಾನೋಮೀಟರ್ ಉದ್ದದ ಎಳೆ, ಹರಡುವುದು ಸಸ್ಯಹೇನು. ಗ್ರೀನಿಂಗ್ ಬ್ಯಾಕ್ಟೀರಿಯ, ಹರಡುವುದು ಸಿಲ್ಲಿಡ್ ಕೀಟ. ಕೀಟ ಬೇರೆ ಆದ್ದರಿಂದ ಮೊದಲು ಪರೀಕ್ಷೆ, ಆಮೇಲೆ ಖರ್ಚು.

ಸೋಮವಾರಪೇಟೆ_ತೋಟ:
ಕೊನೆಯದು. ಕಟ್ಟೆ ಬುಡ ಕಿತ್ತ ಗುಂಡಿಗೆ ಈ ಮಳೆಗೇ ಸಸಿ ಹಾಕಬಹುದಾ?

ಗಿಡಹೇನು_ನೋಡಿ:
ಹಾಕಬಹುದು. ಈ ವೈರಸ್ ಮಣ್ಣಿನಿಂದ ಹರಡುವುದಿಲ್ಲ. ಗುಂಡಿಯಲ್ಲಿ ಹಳೆ ಗೆಡ್ಡೆ ಚೂರಿದೆಯಾ ನೋಡಿ, ಸುತ್ತಲಿನ ಬುಡಗಳ ಸುಳಿ ಎಲೆಯನ್ನು ನಾಟಿಗೆ ಮೊದಲು ಎರಡು ತಿಂಗಳು ತಪ್ಪದೆ ಪರೀಕ್ಷಿಸಿ. ಪಕ್ಕದಲ್ಲಿ ರೋಗದ ಬುಡ ಉಳಿದಿದ್ದರೆ ಅದನ್ನು ತೆಗೆಯುವವರೆಗೆ ಸಸಿ ನರ್ಸರಿ ಚೀಲದಲ್ಲೇ ಇರಲಿ.