ಪದ ಬೇಕು: ‘ವಿಕಲಚೇತನ ಸ್ನೇಹಿ’ಗೆ ಬದಲಿ (ನಾಳೆ ಪ್ರಿಂಟಿಗೆ)

ಕೇಳಿಕೆ, ಮಂಗಳೂರಿನಿಂದ:

ಎಲ್ಲರಿಗೂ ನಮಸ್ಕಾರ. ಇಲ್ಲಿಯ ಒಂದು ಬಟ್ಟೆ ಅಂಗಡಿಯ ದೀಪಾವಳಿ ಜಾಹೀರಾತನ್ನು ಕನ್ನಡಕ್ಕೆ ಮಾಡಿಕೊಡಬೇಕು. ಸೀರೆ ಉಟ್ಟು ಗಾಲಿಕುರ್ಚಿಯಲ್ಲಿ ಕೂತ ಹುಡುಗಿಯ ಚಿತ್ರ, ಕೆಳಗೆ ‘ಡಿಸೇಬಲ್ಡ್ ಫ್ರೆಂಡ್ಲಿ’ ಎಂಬ ಸಾಲು. ಅದೇ ಸಾಲು ಬಾಗಿಲ ಬಳಿಯ ಬೋರ್ಡಿಗೂ ಹೋಗುತ್ತದೆ. ‘ವಿಕಲಚೇತನ ಸ್ನೇಹಿ ಮಳಿಗೆ’ ಅಂತ ಬರೆದೆ. ಅಂಗಡಿಯವರಿಗೆ ‘ದಿವ್ಯಾಂಗ’ ಬೇಕಂತೆ. ನನಗೆ ಎರಡೂ ಒಪ್ಪಿಗೆಯಾಗುತ್ತಿಲ್ಲ. ನಾಳೆ ಹನ್ನೊಂದಕ್ಕೆ ಫೈಲ್ ಕೊಡಬೇಕು, ಬೇಗ ಹೇಳಿ.

ಉಡುಪಿಯಿಂದ:

ವಿಕಲಚೇತನ ಬೇಡವೇ ಬೇಡ. ಬಿಡಿಸಿ ನೋಡಿ: ವಿಕಲವಾದ ಚೇತನ ಯಾರದೋ ಅವರು. ‘ಅಂಗವಿಕಲ’ದಲ್ಲಿ ಊನ ಅಂಗಕ್ಕಷ್ಟೇ ಇತ್ತು. ಗೌರವ ಕೊಡಲು ಹೋಗಿ ಅದನ್ನು ಚೇತನಕ್ಕೇ ಅಂಟಿಸಿದೆವು. ಪಾಣಿನಿಯ ‘ಯೇನಾಂಗವಿಕಾರಃ’ ಸೂತ್ರ ಅಂಗದ ಹೆಸರಿಗೆ ಮಾತ್ರ ತೃತೀಯಾ ವಿಭಕ್ತಿ (‘-ಇಂದ’) ಹೇಳುತ್ತದೆ: ಕಣ್ಣಿನಿಂದ ಕುರುಡ, ಕಾಲಿನಿಂದ ಕುಂಟ. ದಿವ್ಯಾಂಗ ಹಿಂದಿಯ ಹೇರಿಕೆ, ಚರ್ಚೆಗೂ ತಕ್ಕದ್ದಲ್ಲ. ಅಂಗವಿಕಲ ಎಂದೇ ಬರೆಯಿರಿ.

ಕುಂದಾಪುರದಿಂದ:

ಪಾಣಿನಿಯ ಸೂತ್ರಗಳ ಹಳೆಯ ವ್ಯಾಖ್ಯಾನ ಕಾಶಿಕಾವೃತ್ತಿ ತೆಗೆದು ನೋಡಿ. ಆ ಸೂತ್ರದ ‘ಅಂಗ’ ಎಂದರೆ ಇಡೀ ಶರೀರ. ಅರ್ಧ ಸೂತ್ರ ಹಿಡಿದು ವಾದಿಸಬೇಡಿ. ಪದ ಬಿಡಿಸಿದಾಗ ಸಿಗುವ ಯೋಗಾರ್ಥವನ್ನಷ್ಟೇ ನೋಡುವುದಾದರೆ ಪಂಕಜ ಎಂದರೆ ಕೆಸರಿನ ಹುಳವೂ ಆದೀತು. ರಾಜ್ಯದ ಇಲಾಖೆಯ ಹೆಸರೇ ‘ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ’. ರೂಢಿಗೆ ಬಂದಾಯಿತು. ಇನ್ನು ದಿವ್ಯಾಂಗ 2015ರ ಡಿಸೆಂಬರಿನಲ್ಲಿ ಪ್ರಧಾನಿಯವರ ರೇಡಿಯೊ ಭಾಷಣದಿಂದ ಹಬ್ಬಿದ್ದು ನಿಜ. ಆದರೆ ‘ದಿವ್ಯ’ವೂ ‘ಅಂಗ’ವೂ ನಿಮ್ಮ ‘ವಿಕಲ’ದಷ್ಟೇ ಸಂಸ್ಕೃತ. ಒಂದು ಹೇರಿಕೆ, ಇನ್ನೊಂದು ಸ್ವಂತದ್ದು ಹೇಗೆ?

ಪುತ್ತೂರಿನಿಂದ:

ಎರಡೂ ಸ್ವಂತದ್ದಲ್ಲ. ಕುರುಡು, ಕುಂಟು, ಕೆಪ್ಪು ನಮ್ಮವು. ಅವುಗಳಲ್ಲಿ ಬೈಗುಳ ಇರಲಿಲ್ಲ, ಸಂಸ್ಕೃತ ಬಂದ ಮೇಲೆ ಅವು ಕೀಳಾದವು. ಅಚ್ಚಗನ್ನಡಕ್ಕೆ ಹಿಂತಿರುಗಿ.

ಮಂಗಳೂರಿನಿಂದ, ನಿವೃತ್ತ ಕನ್ನಡ ಶಿಕ್ಷಕಿ:

ಬೈಗುಳ ಇರಲಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ತುಳುವಿನ ‘ಪೊಟ್ಟೆ’ ಎಂದರೆ ಮಾತು ಬಾರದವನೂ ಹೌದು, ಬುದ್ಧಿ ಇಲ್ಲದವನೂ ಹೌದು. ಅದು ಯಾವ ಸಂಸ್ಕೃತದಿಂದ ಬಂತು?

ನನಗೆ ಎರಡನೇ ವರ್ಷಕ್ಕೆ ಪೋಲಿಯೊ ಆಯಿತು. ಹೈಸ್ಕೂಲಿನಲ್ಲಿ ಕಾಲಿಗೆ ಆಸರೆಯ ಕ್ಯಾಲಿಪರ್ ಹಾಕಿಕೊಂಡು ಮೊದಲ ಬೆಂಚಿನಲ್ಲಿ ಕೂರುತ್ತಿದ್ದೆ. ಗುಣ, ವೃತ್ತಿ, ಸ್ಥಿತಿಯಿಂದ ಬರುವ ಹೆಸರು, ಅಂದರೆ ಅನ್ವರ್ಥನಾಮದ ಪಾಠದ ದಿನ ಮಾಷ್ಟ್ರು ಬೋರ್ಡಿನ ಮೇಲೆ ‘ಕುರುಡ, ಕುಂಟ, ಮೂಗ, ರೋಗಿ, ವ್ಯಾಪಾರಿ’ ಎಂದು ಬರೆದರು. ‘ಕುಂಟ’ದ ಹತ್ತಿರ ಸೀಮೆಸುಣ್ಣ ಒಂದು ಕ್ಷಣ ನಿಂತಿತು. ನಲವತ್ತು ಜನ ನನ್ನ ಕಾಲು ನೋಡಿದರು. ಮುಂದೆ ನಾನೇ ಆ ಪಾಠ ಮಾಡುವಾಗ ಆ ಮೂರು ಮಾತು ಬಿಟ್ಟು ‘ಶಿಕ್ಷಕಿ, ಬಡಗಿ, ಜಾಣ’ ಬರೆಸಿದೆ. ವ್ಯಾಕರಣಕ್ಕೇನೂ ಕೊರತೆಯಾಗಲಿಲ್ಲ.

ಕೇಳಿದವರೇ, ನಿಮಗೆ ಮನುಷ್ಯರನ್ನು ಹೆಸರಿಸಲೇಬೇಕಾದರೆ ಕನ್ನಡದ ನಿಷೇಧ ಕೃದಂತ ಸಾಕು: ಕಣ್ಣು ಕಾಣದವರು, ಕಿವಿ ಕೇಳದವರು, ನಡೆಯಲು ಆಗದವರು. ಎಲ್ಲದರ ಕೊನೆಯಲ್ಲೂ ‘ಅವರು’ ಉಳಿಯುತ್ತಾರೆ. ನಮ್ಮ ಹಕ್ಕುಗಳ 2016ರ ಕಾಯ್ದೆ 21 ಬಗೆಯ ವೈಕಲ್ಯ ಹೇಳುತ್ತದೆ, 1995ರದ್ದರಲ್ಲಿ ಏಳೇ ಇದ್ದವು. ಅಷ್ಟನ್ನೂ ಒಂದು ಪದಕ್ಕೆ ತುರುಕಿ ‘ಸ್ನೇಹಿ’ ಸೇರಿಸಿದರೆ ಅಂಗಡಿ ನಮಗೆ ಏನು ಮಾಡಿಕೊಟ್ಟಿದೆ ಎಂದು ತಿಳಿಯುವುದೇ ಇಲ್ಲ. ಮೆಟ್ಟಿಲಿಲ್ಲದ ದಾರಿ ಇದ್ದರೆ ‘ಮೆಟ್ಟಿಲಿಲ್ಲದ ದಾರಿ’ ಎಂದು ಬರೆಯಿರಿ. ಗಾಲಿಕುರ್ಚಿಯವರಿಗೂ ಬೇಕು, ಮಂಡಿನೋವಿನ ಅಜ್ಜಿಗೂ, ತೊಟ್ಟಿಲಗಾಡಿ ತಳ್ಳುವ ತಾಯಿಗೂ ಬೇಕು.

ಇನ್ನೊಂದು. ಚಿತ್ರದ ಕುರ್ಚಿ ಹಿಂದಿನಿಂದ ಯಾರೋ ತಳ್ಳುವ ಆಸ್ಪತ್ರೆಯ ಕುರ್ಚಿಯೇ? ಹುಡುಗಿಯ ಪಾದ ಕುರ್ಚಿಯ ಕಾಲಿಡುವ ಪಟ್ಟಿಯ ಮೇಲಿದೆಯೇ, ನೆಲದಲ್ಲಿದೆಯೇ? ದಿನವೂ ಕೂರುವವಳಾದರೆ ಗೊತ್ತಾಗುತ್ತದೆ. 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟು ತೆರೆಯ ಮೇಲೆ ನಮ್ಮನ್ನು ತೋರಿಸುವ ರೀತಿಯ ಬಗ್ಗೆ ತೀರ್ಪು ಕೊಟ್ಟಾಗ, ನಮ್ಮನ್ನು ಬಿಟ್ಟು ನಮ್ಮ ವಿಷಯ ನಿರ್ಧರಿಸಬಾರದೆಂಬ ತತ್ವವನ್ನೂ ಎತ್ತಿ ಹೇಳಿದೆ.

ಉಡುಪಿಯಿಂದ:

‘ಮೆಟ್ಟಿಲಿಲ್ಲದ ದಾರಿ’ ವರ್ಣನೆ, ಪದವಲ್ಲ. ‘ಇಳಿಜಾರು’ ಇದೆಯಲ್ಲ. ರಾಂಪು ಗೀಂಪು ಎಂದು ಬರೆಯದಿದ್ದರೆ ಸಾಕು.

ಶಿಕ್ಷಕಿ:

ಮೇಸ್ತ್ರಿಗಳು ರಾಂಪು ಎನ್ನುತ್ತಾರೆ, ನಾವೂ ಅನ್ನುತ್ತೇವೆ. ಅದು ಕನ್ನಡವಾಗಿ ಎಷ್ಟೋ ಕಾಲವಾಯಿತು. ‘ಗಾಲಿಕುರ್ಚಿ’ಯ ಕುರ್ಚಿ ಅರಬ್ಬಿಯಿಂದ ಬಂದದ್ದಕ್ಕೆ ನೀವು ತಕರಾರು ಮಾಡಲಿಲ್ಲ. ಇಳಿಜಾರು ಎಂದರೆ ನನಗೆ ಘಾಟಿಯ ಎಚ್ಚರಿಕೆ ಫಲಕ ನೆನಪಾಗುತ್ತದೆ. ನಮ್ಮೂರ ಮಳೆಯಲ್ಲಿ, ಹಾವಸೆ ಹಿಡಿದ ನೆಲದಲ್ಲಿ, ‘ಜಾರು’ ಎಂದು ಓದಿ ಗಾಲಿ ಮುಂದೆ ಹಾಕುವುದು ಹೇಗೆ? ಮತ್ತು ಕೇಳಿದವರೇ, ರಾಂಪು ಇದೆಯೇ ನೋಡಿದಿರಾ? ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದ ಬೇಕು.

ಕೇಳಿದವರು:

ಈಗಷ್ಟೇ ಹೋಗಿ ಬಂದೆ. ಚಿತ್ರ ದುಡ್ಡು ಕೊಟ್ಟು ನೆಟ್‌ನಿಂದ ತೆಗೆದದ್ದು, ಪಾದ ನೆಲದಲ್ಲೇ ಇದೆ. ಬಾಗಿಲಲ್ಲಿ ಏಳೂವರೆ ಇಂಚಿನ ಒಂದು ಮೆಟ್ಟಿಲು, ಅದಕ್ಕೆ ಒರಗಿಸಿದ ಮೂರಡಿಯ ಹಲಗೆ. ಏಳೂವರೆ ಅಡಿ ಬೇಕು ಎಂದು ಟೇಪು ಹಿಡಿದು ತೋರಿಸಿದೆ. ಅಂಗಡಿಯವರು ಮೇಸ್ತ್ರಿಗೆ ಫೋನ್ ಮಾಡಿದ್ದಾರೆ. ಜಾಹೀರಾತಿನಿಂದ ಆ ಸಾಲು ಸದ್ಯಕ್ಕೆ ತೆಗೆಸಿದೆ. ರಾಂಪು ಆದ ಮೇಲೆ ಬೋರ್ಡಿಗೆ ‘ಮೆಟ್ಟಿಲಿಲ್ಲದ ದಾರಿ’. ಅಕ್ಕ, ಆ ದಿನ ನೀವು ಬಂದು ಒಮ್ಮೆ ಹತ್ತಿ ನೋಡಬೇಕು.