ಗ್ರೇಸನ್ ಹೈಲ್ಯಾಂಡ್ಸ್‌ಗೆ ಹಿರಿಯರು, ಮಕ್ಕಳೊಂದಿಗೆ: ಅನುಭವ ಹಂಚಿಕೊಳ್ಳಿ

ಪ್ರಶ್ನೆ: ನಾವು ನಾರ್ತ್ ಕ್ಯಾರೊಲೈನಾದ ಶಾರ್ಲೆಟ್‌ನಲ್ಲಿ ನೆಲೆಸಿದ್ದೇವೆ. ಮೈಸೂರಿನಿಂದ ಬಂದಿರುವ ಅಪ್ಪ, ಅಮ್ಮ ಮತ್ತು ಏಳು ವರ್ಷದ ಮಗಳೊಂದಿಗೆ ಜೂನ್‌ನಲ್ಲಿ ವರ್ಜೀನಿಯಾದ ಗ್ರೇಸನ್ ಹೈಲ್ಯಾಂಡ್ಸ್ ಸ್ಟೇಟ್ ಪಾರ್ಕ್‌ಗೆ ಹೋಗಿ ಟೆಂಟಿನಲ್ಲಿ ತಂಗುವ ಯೋಚನೆಯಿದೆ. ಅಲ್ಲಿನ ಕುದುರೆಗಳು ನಿಜಕ್ಕೂ ಕಾಣಸಿಗುತ್ತವೆಯೇ, ಮೌಂಟ್ ರೋಜರ್ಸ್ ಶಿಖರಕ್ಕೆ ಹೋಗಿಬರಬಹುದೇ, ಕರಡಿಗಳ ಭಯವಿದೆಯೇ? ಹೋಗಿಬಂದವರು ದಯವಿಟ್ಟು ತಿಳಿಸಿ.

ಉತ್ತರ 1: ಕುದುರೆಗಳಿಗಾಗಿ ನೀವು ಶಿಖರದವರೆಗೆ ಹೋಗಬೇಕಾಗಿಲ್ಲ. ಮ್ಯಾಸಿ ಗ್ಯಾಪ್ ಎಂಬಲ್ಲಿ ಕಾರು ನಿಲ್ಲಿಸಿ, ರೋಡೋಡೆಂಡ್ರಾನ್ ಟ್ರೇಲ್ ಎಂಬ ಕಾಲುಹಾದಿ ಹಿಡಿದು, ದೂರದೂರದ ರಾಜ್ಯಗಳಿಗೆ ಸಾಗುವ ಅಪಲಾಚಿಯನ್ ಟ್ರೇಲ್ ಕೂಡುವವರೆಗೆ ನಿಧಾನವಾಗಿ ಹತ್ತಿದರೆ, ಬಹುಪಾಲು ದಿನಗಳಲ್ಲಿ ಆ ಹುಲ್ಲುಗಾವಲಿನಲ್ಲಿಯೇ ಒಂದು ಗುಂಪು ಮೇಯುತ್ತಿರುತ್ತದೆ. ಇವು ಗಿಡ್ಡ ತಳಿಯ ಪೋನಿಗಳು. ಮೂಲತಃ ಇಲ್ಲಿಯ ಕಾಡುಪ್ರಾಣಿಗಳಲ್ಲ. ಸುಮಾರು ನೂರು ವರ್ಷಗಳ ಹಿಂದೆ ಮರ ಕಡಿದು, ಆಮೇಲೆ ಬೆಂಕಿಯೂ ಬಿದ್ದು ಬೋಳಾದ ಈ ಬೆಟ್ಟಗಳಲ್ಲಿ ಬಹುಕಾಲ ದನಗಳು ಮೇಯುತ್ತಿದ್ದವು. ಮೇಯುವುದು ನಿಂತಾಗ ಪೊದೆ ಬೆಳೆದು ಬಯಲು ಮುಚ್ಚತೊಡಗಿದ್ದರಿಂದ, ಅದನ್ನು ತಡೆಯಲೆಂದು 1970ರ ದಶಕದಲ್ಲಿ ಈ ಪೋನಿಗಳನ್ನು ತಂದು ಬಿಟ್ಟರು. ಬಾಬಾಬುಡನ್‌ಗಿರಿ, ಕುದುರೆಮುಖಗಳನ್ನು ಕಂಡಿರುವ ನಿಮ್ಮ ತಂದೆ ತಾಯಿಗೆ ಮಂಜು ಮುಸುಕಿದ ಹುಲ್ಲುಬೆಟ್ಟ ಹೊಸದೆನಿಸದು. ಆದರೆ ನಮ್ಮ ಘಟ್ಟದಲ್ಲಿ ಶೋಲಾ ಕಾಡಿನ ಪಕ್ಕದ ಹುಲ್ಲು ತಾನಾಗಿ ಉಳಿದುಬಂದದ್ದು, ಇಲ್ಲಿಯದನ್ನು ಪ್ರಾಣಿಗಳನ್ನು ಮೇಯಲು ಬಿಟ್ಟು ಉಳಿಸಿಕೊಳ್ಳಲಾಗುತ್ತಿದೆ ಎಂಬುದನ್ನು ತಿಳಿದು ನೋಡಿದರೆ ನೋಟಕ್ಕೆ ಇನ್ನೊಂದು ಅರ್ಥ ಬರುತ್ತದೆ. ಸಂಖ್ಯೆ ಮಿತಿಮೀರದಿರಲೆಂದು ಸೆಪ್ಟೆಂಬರ್ ಕೊನೆಗೆ ಪಾರ್ಕಿನಲ್ಲಿ ನಡೆಯುವ ಹಬ್ಬದಲ್ಲಿ ಕೆಲವು ಮರಿಗಳನ್ನು ಹರಾಜು ಹಾಕುತ್ತಾರೆ.

ಮಗಳಿಗೆ ಮನೆಯಲ್ಲಿಯೇ ಹೇಳಿ ಕರೆತನ್ನಿ: ಮುಟ್ಟಬಾರದು, ತಿನ್ನಲು ಏನನ್ನೂ ಕೊಡಬಾರದು. ಅವು ತಾವಾಗಿಯೇ ಹತ್ತಿರ ಬಂದು ಚೀಲ ಮೂಸುತ್ತವೆ. ಸಾಧುವಾಗಿ ಕಂಡರೂ ಕಚ್ಚುವುದೂ ಒದೆಯುವುದೂ ಉಂಟು, ಮರಿಯಿರುವ ತಾಯಿಯ ಬಳಿಯಂತೂ ಸುಳಿಯಲೇಬಾರದು. ಬಾಳೆಹಣ್ಣು ಹಿಡಿದು ಫೋಟೊಗೆ ನಿಲ್ಲುವವರನ್ನು ಅಲ್ಲಿ ಕಾಣುತ್ತೀರಿ, ಅವರನ್ನು ಅನುಸರಿಸಬೇಡಿ. ಜನರ ಕೈತಿಂಡಿಯ ರುಚಿ ಹತ್ತಿದ ಪ್ರಾಣಿ ಹುಲ್ಲು ಬಿಟ್ಟು ಚೀಲಗಳ ಹಿಂದೆ ಬೀಳುತ್ತದೆ.

ಉತ್ತರ 2: ಮೌಂಟ್ ರೋಜರ್ಸ್ ಬಗ್ಗೆ ನನ್ನ ಅಭಿಪ್ರಾಯ. 5,729 ಅಡಿ ಎತ್ತರದ ಅದು ವರ್ಜೀನಿಯಾ ರಾಜ್ಯದ ಅತ್ಯುನ್ನತ ಶಿಖರ, ನಮ್ಮ ಮುಳ್ಳಯ್ಯನಗಿರಿಗಿಂತ ತಗ್ಗು. ಅದಿರುವುದು ಪಾರ್ಕಿನ ಗಡಿಯಾಚೆಯ ರಾಷ್ಟ್ರೀಯ ಅರಣ್ಯದಲ್ಲಿ. ಮ್ಯಾಸಿ ಗ್ಯಾಪ್‌ನಿಂದ ಹೋಗಿಬರಲು ಎಂಟೊಂಬತ್ತು ಮೈಲಿ, ಅದೂ ಬಹುಪಾಲು ಕಲ್ಲುಹಾದಿ. ಇಷ್ಟು ನಡೆದು ತುದಿ ಮುಟ್ಟಿದರೆ ಮರಗಳ ನಡುವೆ ನಿಂತಿರುತ್ತೀರಿ, ಸುತ್ತಲಿನ ಕಣಿವೆ ಕಾಣುವುದೇ ಇಲ್ಲ. ಹಾಗೆಂದು ಅದು ವ್ಯರ್ಥ ನಡಿಗೆಯಲ್ಲ: ಫ್ರೇಸರ್ ಫರ್ ಮರ ತಾನಾಗಿ ಬೆಳೆಯುವ ವ್ಯಾಪ್ತಿಯ ಉತ್ತರದ ಕೊನೆ ಇದೇ ಆಗಿದ್ದು, ಪಾಚಿ ಹೊದ್ದ ಆ ತೇವದ ಕಾಡು ನನ್ನಂಥವರಿಗೆ ತೆರೆದ ನೋಟಕ್ಕಿಂತ ಹೆಚ್ಚು ಪ್ರಿಯ. ಆದರೆ ಮಗುವಿನೊಂದಿಗೆ ಹೋಗುವಾಗ ವಿಲ್ಬರ್ನ್ ರಿಡ್ಜ್‌ನ ಬಂಡೆಗಳವರೆಗೆ ನಡೆದು, ಬುತ್ತಿ ಬಿಚ್ಚಿ ಉಂಡು, ಅಲ್ಲಿಂದಲೇ ಹಿಂತಿರುಗುವುದು ಒಳ್ಳೆಯದು. ಮಧ್ಯಾಹ್ನದ ಗುಡುಗುಮಳೆಗೆ ಆ ಬಯಲಿನಲ್ಲಿ ಮರೆಯೇ ಇಲ್ಲ. ಬೆಳಿಗ್ಗೆ ಬೇಗ ಹೊರಡಿ. ಜೂನ್ ಮಧ್ಯದ ಹೊತ್ತಿಗೆ ಹೋದರೆ ಕಟಾಬಾ ರೋಡೋಡೆಂಡ್ರಾನ್ ಎಂಬ ಹೂಪೊದೆ ನೇರಳೆ ಬಣ್ಣದಲ್ಲಿ ಅರಳಿರುವ ಸಂಭವ ಹೆಚ್ಚು, ಹಾಗೆಯೇ ಜನಸಂದಣಿಯೂ ಹೆಚ್ಚು.

ಕಾಡಿನ ಚಿಕ್ಕ ಜೀವಿಗಳನ್ನು ಯಾರೂ ಕೇಳುವುದಿಲ್ಲವಲ್ಲ! ದಕ್ಷಿಣ ಅಪಲಾಚಿಯನ್ ಬೆಟ್ಟಸಾಲು ಸಲಮಾಂಡರ್‌ಗಳ (ಹಲ್ಲಿಯಂತೆ ಕಾಣುವ ಉಭಯಚರಗಳು) ವೈವಿಧ್ಯಕ್ಕೆ ಜಗತ್ತಿನಲ್ಲೇ ಹೆಸರಾದದ್ದು. ಕ್ಯಾಬಿನ್ ಕ್ರೀಕ್ ಟ್ರೇಲ್‌ನಲ್ಲಿ ಜಲಪಾತದವರೆಗೆ ಇಳಿದು ತೊರೆಯಂಚಿನಲ್ಲಿ ತಾಳ್ಮೆಯಿಂದ ಕುಳಿತರೆ ಕಂಡಾವು. ಕಲ್ಲುಗಳನ್ನು ಎತ್ತಿ ಹುಡುಕಬೇಡಿ.

ಉತ್ತರ 3: ಹಿರಿಯರನ್ನು ಕರೆದೊಯ್ದ ಅನುಭವದಿಂದ ಬರೆಯುತ್ತಿದ್ದೇನೆ. ಸಂದರ್ಶಕರ ಕೇಂದ್ರದ ಬಳಿಯಿಂದ ಹೊರಡುವ ಟ್ವಿನ್ ಪಿನಕಲ್ಸ್ ಟ್ರೇಲ್ ಸುಮಾರು ಒಂದೂವರೆ ಮೈಲಿಯ ಸುತ್ತುದಾರಿ. ಅದರಲ್ಲಿ ಸಿಗುವ ಲಿಟಲ್ ಪಿನಕಲ್ 5,089 ಅಡಿಯಿದ್ದು, ಹೆಸರು ಚಿಕ್ಕದಾದರೂ ಪಾರ್ಕಿನೊಳಗಿನ ಅತಿ ಎತ್ತರದ ಜಾಗ ಅದೇ. ಮಂಡಿನೋವಿದ್ದರೆ ಊರುಗೋಲು ಇರಲಿ, ಚಪ್ಪಲಿ ಬೇಡ.

ರಾತ್ರಿಯ ಚಳಿಯನ್ನು ಶಾರ್ಲೆಟ್‌ನ ಸೆಕೆಯಿಂದ ಹೊರಟವರು ಊಹಿಸುವುದಿಲ್ಲ. ಜೂನ್‌ನಲ್ಲಿಯೂ ಸ್ವೆಟರ್, ಟೋಪಿ, ನೆಲದ ತಣ್ಪು ತಾಗದಂತಹ ಹಾಸು ಬೇಕೇ ಬೇಕು, ಟೆಂಟಿನ ಗೂಟಗಳನ್ನು ಗಾಳಿಗೆ ಅಲುಗದಂತೆ ಬಲವಾಗಿ ಹೊಡೆಯಬೇಕು. ಪಾರ್ಕಿನೊಳಗೆ ಎಲ್ಲೆಂದರಲ್ಲಿ ಟೆಂಟ್ ಹಾಕುವಂತಿಲ್ಲ. ಹಿಕರಿ ರಿಡ್ಜ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಜಾಗ ಕಾಯ್ದಿರಿಸಬೇಕು, ವಾರಾಂತ್ಯದ ಜಾಗಗಳು ತಿಂಗಳುಗಳ ಮೊದಲೇ ಮುಗಿದಿರುತ್ತವೆ. ಹಾಗಾಗಿ ವಾರದ ನಡುವಿನ ದಿನಗಳನ್ನು ನೋಡಿ.

ಕರಡಿಗಳಿವೆ, ಕಪ್ಪು ಕರಡಿಗಳು. ಸಾಮಾನ್ಯವಾಗಿ ಅವು ಮನುಷ್ಯರಿಂದ ದೂರವೇ ಇರುತ್ತವೆ, ಅವುಗಳನ್ನು ಹತ್ತಿರಕ್ಕೆ ಎಳೆಯುವುದು ಊಟದ ವಾಸನೆ. ನಮ್ಮ ಒಗ್ಗರಣೆಯ ಘಮ ಎಷ್ಟು ದೂರ ಹೋಗುತ್ತದೆಂದು ಹೇಳಬೇಕಿಲ್ಲ: ಪುಳಿಯೋಗರೆ, ಚಟ್ನಿಪುಡಿ, ಕೋಡುಬಳೆ, ಹಲ್ಲುಜ್ಜುವ ಪೇಸ್ಟ್ ಎಲ್ಲವನ್ನೂ ಮಲಗುವ ಮೊದಲು ಕಾರಿನೊಳಗಿಟ್ಟು ಬೀಗ ಹಾಕಿ, ತೊಳೆದ ಪಾತ್ರೆಯನ್ನೂ ಹೊರಗೆ ಬಿಡಬೇಡಿ. ಕರಡಿಗಿಂತ ನಾನು ಅಂಜುವುದು ರಕ್ತ ಹೀರುವ ಉಣ್ಣಿಗಳಿಗೆ (ಟಿಕ್). ಹುಲ್ಲಿನಲ್ಲಿ ನಡೆದು ಬಂದ ಸಂಜೆ ಮಗುವಿನ ಮೊಣಕಾಲಿನ ಹಿಂಭಾಗ, ಕಿವಿಯ ಹಿಂದೆ, ಕೂದಲಲ್ಲಿ ತಪ್ಪದೆ ನೋಡಿ.

ಮೊಬೈಲ್ ಸಿಗ್ನಲ್ ನೆಚ್ಚಬೇಡಿ, ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ. ಶಾರ್ಲೆಟ್‌ನಿಂದ ಸುಮಾರು ಮೂರು ಗಂಟೆಯ ದಾರಿ. ಇಂಡಿಪೆಂಡೆನ್ಸ್ ಊರಿನ ಕಡೆಯಿಂದ ಬಂದರೆ ಪೆಟ್ರೋಲು, ಹಾಲು, ತರಕಾರಿ ಅಲ್ಲಿಯೇ ತುಂಬಿಸಿಕೊಳ್ಳಬಹುದು. ಸೌದೆಯನ್ನು ಮಾತ್ರ ಮನೆಯಿಂದ ಒಯ್ಯಬೇಡಿ, ಅದರೊಳಗಿನ ಹುಳುಗಳು ಹೊಸ ಕಾಡಿಗೆ ಹರಡುತ್ತವೆ. ಪಾರ್ಕಿನ ಬಳಿಯೇ ಕೊಂಡುಕೊಳ್ಳಿ.